ಸಮತೋಲ ತಪ್ಪುವುದೆಂದರೇನು?



"ಸಮತೋಲ ತಪ್ಪಿದೆ" ಎಂಬ ಮಾತು ಈಚೆಗೆ ಎಲ್ಲರ ಬಾಯಲ್ಲಿಯೂ ಕೇಳಿಬರುತ್ತದೆ. ದೇಹದ ಸಮತೋಲ ತಪ್ಪಿದೆಯೆಂದು ವೈದ್ಯರು ಹೇಳುತ್ತಾರೆ. ಪ್ರಾಂತಗಳ ಸಮತೋಲ ತಪ್ಪಿದೆಯೆಂದು ರಾಜಕಾರಣಿಗಳು ಹೇಳುತ್ತಾರೆ. ಪ್ರಕೃತಿಯ ಸಮತೋಲ ತಪ್ಪಿದೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ನೆರೆಮನೆಯವನ ಮನಸ್ಸಿನ ಸಮತೋಲವೇ ತಪ್ಪಿದೆಯೆಂದು ನಾವು ಪಿಸುಮಾತಿನಲ್ಲಿ ಆಡಿಕೊಳ್ಳುತ್ತೇವೆ. ಶಬ್ದವೊಂದೇ ಸರಿ; ಆದರೆ ಅದು ಸೂಚಿಸುವ ಸಂಗತಿಯೂ ಒಂದೆಯೆ? ಈ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಇದು ಬರಿಯ ಶಬ್ದಚರ್ಚೆ, ಪಂಡಿತರ ವಿನೋದ, ಎಂದು ತಾವು ಭಾವಿಸಬಾರದು. ಈ ಶಬ್ದವನ್ನು ಸರಿಯಾಗಿ ವಿಚಾರಿಸದೆ ಹೋದುದರಿಂದ ನಮ್ಮ ಮನೆಯಲ್ಲಿಯೇ ಒಬ್ಬರ ಕೈಯೆಲುಬು ಮುರಿಯಿತು. ಆ ಸಂಗತಿಯನ್ನೇ ಮೊದಲು ಹೇಳುತ್ತೇನೆ.

ನಮ್ಮ ಊರು ಬೀದರ ತಾಲೂಕಿನ ಮನ್ನಳ್ಳಿ. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ನಮ್ಮ ತಾಯಿಯವರು ಹಾಸಿಗೆಯಿಂದ ಏಳುತ್ತಲೇ ಗೋಡೆಯನ್ನು ಹಿಡಿದುಕೊಂಡು ನಿಂತುಬಿಟ್ಟರು. ಏನಾಯಿತೆಂದು ಕೇಳಿದರೆ, "ನನಗೇನೂ ಆಗಿಲ್ಲಪ್ಪಾ, ಮನಿನೇ ತಿರಗಲತ್ತದ" ಎಂದರು. ಬಂಧುಗಳೊಬ್ಬರು ಇದು ಪಿತ್ತವೆಂದು ನಿರ್ಣಯಿಸಿ ನಿಂಬೆಯ ಪಾನಕವನ್ನು ಕುಡಿಸಿದರು. ಇನ್ನೊಬ್ಬರು ರಕ್ತ ಕಡಿಮೆಯಾಗಿದೆಯೆಂದರು. ಟಾನಿಕ್ಕಿನ ಬಾಟಲಿ ಬಂದಿತು. ಇಂಗ್ಲಿಷ್ ಓದಿದ ನಾನು ಎಲ್ಲರಿಗಿಂತ ಜಾಣನಾಗಿ, ವಯಸ್ಸಾದ ಮೇಲೆ ಕಾಲಿನ ಬಲ ಕುಂದುವುದು ಸಹಜವೆಂದು ವಾದಿಸಿ, ಪೇಟೆಯಿಂದ ಒಂದು ಊರುಗೋಲನ್ನು ತಂದುಕೊಟ್ಟೆನು. ಎರಡು ವಾರಗಳ ತರುವಾಯ ಅವರು ಆ ಕೋಲನ್ನು ಹಿಡಿದಿದ್ದಂತೆಯೇ ಮನೆಯ ಮುಂದಿನ ಕಟ್ಟೆಯಿಂದ ಉರುಳಿ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು. ಕಾಲಿನಲ್ಲಿ ದೋಷವೇ ಇರಲಿಲ್ಲ. ದೋಷವಿದ್ದುದು ಎಲ್ಲಿ ಎಂಬುದನ್ನು ಮುಂದೆ ನಿವೇದಿಸುತ್ತೇನೆ.

ಇಂಗ್ಲಿಷಿನ 'ಬ್ಯಾಲೆನ್ಸ್' ಎಂಬ ಶಬ್ದವು ಎರಡು ತಟ್ಟೆಗಳು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಅದಕ್ಕೆ ಪ್ರತಿಯಾಗಿ ನಾವು ಬಳಸುವ 'ಸಮತೋಲ'ದ ಹೊಟ್ಟೆಯಲ್ಲಿಯೂ ತೂಗುವುದೆಂಬ ಅರ್ಥವೇ ಇದೆ. ಆದುದರಿಂದ ಸಮತೋಲವೆಂದೊಡನೆ ನಮ್ಮ ಕಣ್ಣಿಗೆ ಒಂದು ತಕ್ಕಡಿ ಕಟ್ಟುತ್ತದೆ. ಎಲ್ಲೆಲ್ಲಿ ಏನು ಕೆಟ್ಟರೂ ಒಂದು ತಟ್ಟೆಯಲ್ಲಿ ಹೆಚ್ಚಾಗಿದೆ, ಇನ್ನೊಂದರಲ್ಲಿ ಕಡಿಮೆಯಾಗಿದೆ ಎಂದು ತೋರುತ್ತದೆ. ಓದುಬರಹವಿಲ್ಲದ ನಮ್ಮ ಹಿರಿಯರು ಹೀಗೆ ಒಂದೇ ಶಬ್ದಕ್ಕೆ ಕಟ್ಟುಬಿದ್ದವರಲ್ಲ. ಕಾಲುಜಾರಿದವನು 'ಆಯ ತಪ್ಪಿ' ಬೀಳುತ್ತಾನೆ. ಸಭೆಯಲ್ಲಿ ಮಿತಿಮೀರಿ ಆಡಿದವನ ಮಾತು 'ತೂಕ ತಪ್ಪುತ್ತದೆ'. ಅಡಿಗೆಯೂ ಮಣ್ಣೂ 'ಹದ ತಪ್ಪುತ್ತವೆ'. ಅಂಗಡಿಯ ಜಮಾಖರ್ಚು 'ತಾಳೆಯಾಗುವುದಿಲ್ಲ'. ದುಃಖದಿಂದ ಕಂಗೆಟ್ಟವಳ ಬುದ್ಧಿ 'ಸ್ತಿಮಿತ ತಪ್ಪುತ್ತದೆ'. ಇವು ಒಂದೇ ಅರ್ಥದ ಬೇರೆ ಬೇರೆ ಅಲಂಕಾರಗಳಲ್ಲ; ಬೇರೆ ಬೇರೆ ವಿಧದ ಕೇಡುಗಳ ಹೆಸರುಗಳು. ಕೇಡು ಬೇರೆಯಾದರೆ ಚಿಕಿತ್ಸೆಯೂ ಬೇರೆಯಾಗಬೇಕಷ್ಟೆ.

ಮೊದಲು ಆಯವನ್ನು ತೆಗೆದುಕೊಳ್ಳೋಣ. ಕಬ್ಬಿನ ಸುಗ್ಗಿಯಲ್ಲಿ ನಮ್ಮ ಜಿಲ್ಲೆಯ ದಾರಿಗಳಲ್ಲಿ ಆಳೆತ್ತರಕ್ಕೂ ಮೀರಿ ಕಬ್ಬು ಹೇರಿದ ಟ್ರಾಕ್ಟರುಗಳು ಸಾಗುತ್ತವೆ. ಪ್ರತಿಯೊಂದು ವಸ್ತುವಿನ ಭಾರವೂ ಒಂದು ಬಿಂದುವಿನಲ್ಲಿ ಕೂಡಿರುವಂತೆ ವರ್ತಿಸುತ್ತದೆ. ಆ ಬಿಂದುವಿನಿಂದ ಒಂದು ತೂಗುಗುಂಡನ್ನು ಇಳಿಬಿಟ್ಟರೆ ಅದು ಗಾಲಿಗಳ ನಡುವೆ ಬೀಳುವವರೆಗೆ ಬಂಡಿ ನಿಲ್ಲುತ್ತದೆ. ಗಾಲಿಗಳ ಹೊರಗೆ ಬಿದ್ದ ಕ್ಷಣವೇ ಮಗುಚುತ್ತದೆ. ಹೇರು ಎತ್ತರವಾದಷ್ಟೂ ಆ ಬಿಂದು ಮೇಲೇರುತ್ತದೆ; ಮೇಲೇರಿದಷ್ಟೂ ಸ್ವಲ್ಪ ಓರೆಯಾದರೆ ಸಾಕು, ಗುಂಡು ಹೊರಗೆ ಬೀಳುತ್ತದೆ. ಎಡಕ್ಕೂ ಬಲಕ್ಕೂ ಕಬ್ಬನ್ನು ಸಮನಾಗಿ ಹಂಚಿದ್ದರೂ ಬಂಡಿ ಮಗುಚಬಹುದು. ಆಯದ ಪ್ರಶ್ನೆ 'ಎರಡು ಕಡೆಯೂ ಸಮವೆ?' ಎಂಬುದಲ್ಲ, 'ಕೆಳಗೆ ನೆಲೆ ಸಾಲದೆ?' ಎಂಬುದು.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದು ಬೀದರ ಪಟ್ಟಣದಲ್ಲಿಯೇ ಇದೆ. ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾ ಕಟ್ಟಡದ ಮುಂಭಾಗದ ಎರಡು ತುದಿಗಳಲ್ಲಿಯೂ ಮಿನಾರುಗಳಿದ್ದವು. ಹದಿನೇಳನೆಯ ಶತಮಾನದ ಕಡೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಒಂದು ಮಿನಾರೂ ಮುಂಭಾಗದ ಬಹುಪಾಲೂ ನಾಶವಾಗಿ, ಸುಮಾರು ೧೩೦ ಅಡಿ ಎತ್ತರದ ಇನ್ನೊಂದು ಮಿನಾರು ಒಂಟಿಯಾಗಿ ಉಳಿಯಿತು. ನೋಡುವವರ ಕಣ್ಣಿಗೆ ಕಟ್ಟಡದ ಸಮತೋಲವೇ ಹೋಗಿದೆ. ಆದರೆ ಉಳಿದ ಮಿನಾರು ಮೂರು ಶತಮಾನಗಳ ಮಳೆಗಾಳಿಯನ್ನು ತಡೆದುಕೊಂಡು ಇಂದಿಗೂ ನಿಂತಿದೆ. ಕಳೆದುಹೋದುದು ಕಣ್ಣಿನ ಸೌಷ್ಠವ, ನೆಲದ ಆಯವಲ್ಲ. ಚೆಲುವು ಕೆಟ್ಟುದನ್ನು ಬೀಳುವುದರ ಮುನ್ಸೂಚನೆಯೆಂದು ತಿಳಿಯುವವರು ನಮ್ಮಲ್ಲಿ ಬಹು ಮಂದಿ.

ಬಂಡಿಗೂ ಮಿನಾರಿಗೂ ಇಲ್ಲದ ಒಂದು ಕಷ್ಟ ಮನುಷ್ಯನಿಗುಂಟು. ಎರಡು ಅಂಗಾಲುಗಳಷ್ಟೇ ಅವನ ನೆಲೆ. ಆದುದರಿಂದ ಅವನು ಸುಮ್ಮನೆ ನಿಲ್ಲಲಾರನು. ನಾವು ನಿಂತಿದ್ದೇವೆಂದು ತಿಳಿದಿರುವಾಗಲೂ ತುಸು ಮುಂದಕ್ಕೆ, ತುಸು ಹಿಂದಕ್ಕೆ ಬೀಳುತ್ತಲೇ ಇದ್ದು, ಪ್ರತಿ ಸಾರಿಯೂ ನಮ್ಮನ್ನು ನಾವೇ ಹಿಡಿದುಕೊಳ್ಳುತ್ತಿರುತ್ತೇವೆ. ತಲೆಯ ಮೇಲೆ ತುಂಬಿದ ಕೊಡವನ್ನು ಹೊತ್ತು ಬರುವ ಹೆಣ್ಣುಮಗಳ ಕುತ್ತಿಗೆಯನ್ನು ಗಮನಿಸಿದರೆ ಈ ಮಾತಿನ ನಿಜ ತಿಳಿದೀತು. ಹೀಗೆ ಹಿಡಿದುಕೊಳ್ಳುವುದಕ್ಕೆ ಮಿದುಳಿಗೆ ಮೂವರು ಸಾಕ್ಷಿಗಳು ಬೇಕು: ಕಣ್ಣು, ಕಾಲುಕೀಲುಗಳ ಸ್ಪರ್ಶ, ಮತ್ತು ಒಳಗಿವಿ. ಒಳಗಿವಿಯಲ್ಲಿ ಮೂರು ಅರೆವೃತ್ತದ ನಾಳಗಳಿವೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ ಅವು ಒಂದಕ್ಕೊಂದು ಲಂಬವಾಗಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವವು ಹಿಂದುಳಿದು, ಯಾವ ಕಡೆಗೆ ತಿರುಗಿತೆಂಬ ಸುದ್ದಿಯನ್ನು ಮುಟ್ಟಿಸುತ್ತದೆ. ಕಿವಿಯೊಳಕ್ಕೆ ಬಿಸಿನೀರನ್ನೋ ತಣ್ಣೀರನ್ನೋ ಬಿಟ್ಟರೆ ತಲೆಸುತ್ತು ಬರುವುದೇಕೆಂಬುದನ್ನು ವಿವರಿಸಿ ಈ ನಾಳಗಳ ಕಾರ್ಯವನ್ನು ತೋರಿಸಿಕೊಟ್ಟವರು ಆಸ್ಟ್ರಿಯಾದ ರಾಬರ್ಟ್ ಬಾರಾನಿ. ೧೯೧೪ನೆಯ ವರ್ಷದ ನೊಬೆಲ್ ಪಾರಿತೋಷಕವು ತಮಗೆ ಸಂದ ಸುದ್ದಿಯನ್ನು ಅವರು ಕೇಳಿದುದು ರಷ್ಯದಲ್ಲಿ ಯುದ್ಧಕೈದಿಯಾಗಿದ್ದಾಗ.

ಅದೇ ಒಳಗಿವಿಯ ಬೇರೊಂದು ಭಾಗದಲ್ಲಿ ಸುಣ್ಣದ ಅತಿ ಸೂಕ್ಷ್ಮವಾದ ಹರಳುಗಳಿರುತ್ತವೆ. ವಯಸ್ಸಾದವರಲ್ಲಿ ಇವುಗಳಲ್ಲಿ ಕೆಲವು ಕಳಚಿ ನಾಳದೊಳಕ್ಕೆ ಜಾರುವುದುಂಟು. ಆಮೇಲೆ ಮಲಗಿದವರು ಎದ್ದಾಗ, ಮಗ್ಗುಲು ಬದಲಿಸಿದಾಗ, ತಲೆ ನಿಂತ ಮೇಲೂ ಹರಳು ಜಾರುತ್ತಲೇ ಇದ್ದು ದ್ರವವನ್ನು ಕದಲಿಸುತ್ತದೆ. ತಲೆ ತಿರುಗುತ್ತಿದೆಯೆಂದು ಕಿವಿಯ ಸಾಕ್ಷಿ. ಇಲ್ಲವೆಂದು ಕಾಲಿನ ಸಾಕ್ಷಿ. ಸಾಕ್ಷಿಗಳು ವಿರೋಧವಾಗಿ ನುಡಿದಾಗ ಮನೆಯೇ ತಿರುಗುತ್ತದೆ. ನಮ್ಮ ತಾಯಿಯವರಿಗೆ ಆಗಿದ್ದುದು ಇದು. ಕೈಗೆ ಪಟ್ಟಿ ಕಟ್ಟಿಸಿದ ಮೇಲೆ ಬೀದರದ ಕಿವಿಯ ವೈದ್ಯರೊಬ್ಬರು ಅವರನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ, ಪ್ರತಿ ಭಂಗಿಯಲ್ಲಿಯೂ ತುಸು ಹೊತ್ತು ನಿಲ್ಲಿಸಿ, ಆ ಹರಳು ತನ್ನ ಸ್ಥಾನಕ್ಕೆ ಮರಳುವಂತೆ ಮಾಡಿದರು. ಔಷಧವಿಲ್ಲ, ಶಸ್ತ್ರವಿಲ್ಲ, ಎರಡು ಸಾರಿಗೆ ಗುಣವಾಯಿತು. ತಲೆಸುತ್ತೆಲ್ಲವೂ ಇದೇ ಅಲ್ಲ. ಹೃದಯದ ದೋಷದಿಂದಲೂ ಮಿದುಳಿನ ದೋಷದಿಂದಲೂ ಅದು ಬರಬಹುದು. ಆದುದರಿಂದ ವೈದ್ಯರನ್ನೇ ಕಾಣಬೇಕು. ನಾನು ಹೇಳುವುದಿಷ್ಟೆ: ಸಾಕ್ಷಿ ಕೆಟ್ಟಿದ್ದಾಗ ನಾನು ಕಾಲಿಗೆ ಕೋಲು ಕೊಟ್ಟೆನು.

ಇನ್ನು ತೂಕ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೆ ತೂಕ ಸರಿಯೆಂದು ನಂಬುತ್ತೇವೆ. ಆದರೆ ದಂಡದ ಎರಡು ತೋಳುಗಳು ಸಮವಾಗಿಲ್ಲದಿದ್ದರೆ? ಒಂದು ತೋಳು ಮೂರು ಗೇಣು, ಇನ್ನೊಂದು ನಾಲ್ಕು ಗೇಣು ಇದೆಯೆನ್ನೋಣ. ಬರಿಯ ತಟ್ಟೆಗಳನ್ನು ಹಗುರ ಭಾರ ಮಾಡಿ ಮುಳ್ಳು ನೆಟ್ಟಗೆ ನಿಲ್ಲುವಂತೆ ಅಂಗಡಿಕಾರನು ಮಾಡಬಲ್ಲನು. ಆಗ ೧೨ ಕಿಲೋ ತೊಗರಿಯನ್ನು ಗಿಡ್ಡ ತೋಳಿನ ತಟ್ಟೆಗೆ ಸುರಿದರೆ ಅದು ೯ ಕಿಲೋ ತೂಗುತ್ತದೆ. ಉದ್ದ ತೋಳಿನ ತಟ್ಟೆಗೆ ಸುರಿದರೆ ೧೬ ಕಿಲೋ ತೂಗುತ್ತದೆ. ಎರಡು ಸಲವೂ ಮುಳ್ಳು ನೆಟ್ಟಗೇ ಇರುತ್ತದೆ! ಇಂಥ ತಕ್ಕಡಿಯ ಮೋಸವನ್ನು ಕಂಡುಹಿಡಿಯುವ ಉಪಾಯವೆಂದರೆ ಸರಕನ್ನು ಈ ತಟ್ಟೆಯಿಂದ ಆ ತಟ್ಟೆಗೆ ಬದಲಿಸಿ ಮತ್ತೊಮ್ಮೆ ತೂಗುವುದು. ನಿಜವಾದ ತೂಕವು ಎರಡರ ಸರಾಸರಿಯೂ ಅಲ್ಲ. ೯ನ್ನೂ ೧೬ನ್ನೂ ಗುಣಿಸಿ ಬಂದ ೧೪೪ರ ವರ್ಗಮೂಲ, ಎಂದರೆ ೧೨.

ತೂಕದ ಈ ಪಾಠ ರಾಜಕಾರಣಕ್ಕೂ ಸಲ್ಲುತ್ತದೆ. ಮೇಲೆ ಹೇಳಿದ ಗವಾನನ ಕಾಲದಲ್ಲಿ ಬಹಮನಿ ಆಸ್ಥಾನದಲ್ಲಿ ದಖನಿಗಳೆಂದೂ ಅಫಾಕಿಗಳೆಂದೂ, ಎಂದರೆ ನೆಲದವರು ಮತ್ತು ಹೊರಗಿನಿಂದ ಬಂದವರು ಎಂದು, ಎರಡು ಪಕ್ಷಗಳಿದ್ದವು. ಗವಾನನು ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದು, ಅಧಿಕಾರವನ್ನು ಎರಡು ಪಕ್ಷಗಳಿಗೂ ತೂಗಿ ಹಂಚಿದನು. ಆದರೆ ಆ ತಕ್ಕಡಿಯು ಸುಲ್ತಾನನ ನಂಬಿಕೆಯೆಂಬ ಒಂದೇ ಕೊಂಡಿಯಿಂದ ತೂಗುತ್ತಿತ್ತು. ಶತ್ರುಗಳು ಅವನ ಮುದ್ರೆಯಿದ್ದ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ೧೪೮೧ರಲ್ಲಿ ಅವನಿಗೆ ಮರಣದಂಡನೆಯಾಯಿತು. ಕೊಂಡಿ ಕಳಚಿದಾಗ ಎರಡು ತಟ್ಟೆಗಳೂ ನೆಲಕ್ಕೆ ಬಿದ್ದವು. ಕೆಲವೇ ದಶಕಗಳಲ್ಲಿ ರಾಜ್ಯವು ಐದು ತುಂಡಾಯಿತು.

ನಮ್ಮ ಕಾಲದ ತಕ್ಕಡಿ ಬೇರೆ. ಹೈದರಾಬಾದು ಸಂಸ್ಥಾನದಲ್ಲಿದ್ದ ಬೀದರ ಸೀಮೆಯು ೧೯೫೬ರ ನವೆಂಬರ್ ೧ರಂದು ಕನ್ನಡ ನಾಡಿನಲ್ಲಿ ಸೇರಿತು. ಸೇರಿದಾಗ ಎಲ್ಲ ಸೀಮೆಗಳ ತೋಳುಗಳೂ ಸಮವಾಗಿರಲಿಲ್ಲ. ಪ್ರಾದೇಶಿಕ ಅಸಮತೋಲವನ್ನು ಅಳೆಯಲೆಂದು ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ೨೦೦೨ರಲ್ಲಿ ವರದಿ ಒಪ್ಪಿಸಿತು. ೩೫ ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು ೧ ಎಂದಿಟ್ಟುಕೊಂಡು, ಅಂದಿನ ೧೭೫ ತಾಲೂಕುಗಳನ್ನು ಅದು ಅಳೆಯಿತು. ೧೧೪ ತಾಲೂಕುಗಳು ಸರಾಸರಿಗಿಂತ ಕೆಳಗಿದ್ದವು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ನಮ್ಮ ಔರಾದವೂ ಭಾಲ್ಕಿಯೂ ಆ ಮೂವತ್ತೊಂಬತ್ತರಲ್ಲಿ ಸೇರಿದ್ದವು. ಎಂಟು ವರ್ಷಗಳಲ್ಲಿ ೧೬,೦೦೦ ಕೋಟಿ ರೂಪಾಯಿಗಳನ್ನು ಹೆಚ್ಚುವರಿಯಾಗಿ ವೆಚ್ಚ ಮಾಡಬೇಕೆಂದು ಸಮಿತಿ ಸೂಚಿಸಿತು. ಮುಂದೆ ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ೩೭೧-ಜೆ ಎಂಬ ವಿಧಿಯು ಸೇರಿ, ವಿದ್ಯಾಭ್ಯಾಸದಲ್ಲಿಯೂ ನೌಕರಿಯಲ್ಲಿಯೂ ಈ ಸೀಮೆಗೆ ಪ್ರತ್ಯೇಕ ಪಾಲು ದೊರೆಯಿತು. "ಎಲ್ಲರಿಗೂ ಸಮನಾಗಿ ಕೊಟ್ಟರೆ ಸಾಲದೆ, ಇವರಿಗೇಕೆ ಹೆಚ್ಚು?" ಎಂದು ಕೇಳುವವರಿದ್ದಾರೆ. ಅವರು ತಟ್ಟೆಗಳನ್ನು ನೋಡುತ್ತಾರೆ, ತೋಳುಗಳನ್ನು ನೋಡುವುದಿಲ್ಲ. ತೋಳು ಗಿಡ್ಡವಾಗಿರುವ ಕಡೆ ಸಮನಾದ ತೂಕವನ್ನಿಟ್ಟರೆ ನ್ಯಾಯವಾಗುವುದಿಲ್ಲ. ಹಾಗೆಯೇ, ತಟ್ಟೆಗೆ ಹಣವನ್ನು ಸುರಿಯುತ್ತ ತೋಳನ್ನು ಉದ್ದ ಮಾಡದೆ ಬಿಟ್ಟರೆ, ಎಂದರೆ ಶಾಲೆ, ದಾರಿ, ಆಸ್ಪತ್ರೆಗಳನ್ನು ನೆಲೆಗೊಳಿಸದೆ ಬಿಟ್ಟರೆ, ಪ್ರತಿ ವರ್ಷವೂ ಸುರಿಯುತ್ತಲೇ ಇರಬೇಕಾದೀತು. ಈ ಎರಡನೆಯ ಮಾತನ್ನು ನಮ್ಮ ಸೀಮೆಯವರೇ ನೆನಪಿಡಬೇಕು.

ಮೂರನೆಯದು ಹದ. ಹದದಲ್ಲಿ ಸಮಪಾಲೆಂಬ ಮಾತೇ ಇಲ್ಲ. ಬಿದರಿಯ ಹೂಜಿಯನ್ನೋ ತಟ್ಟೆಯನ್ನೋ ಎರಕ ಹೊಯ್ಯುವಾಗ ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಬೆರೆಸುತ್ತಾರೆ. ಆ ಮೇಲೆ ಬೆಳ್ಳಿಯ ಎಳೆಗಳನ್ನು ಕೂಡಿಸಿ, ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರಿನಿಂದ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಸಮತೋಲದ ಹೆಸರಿನಲ್ಲಿ ಸತುವನ್ನೂ ತಾಮ್ರವನ್ನೂ ಅರ್ಧರ್ಧ ಬೆರೆಸಿದರೆ ದೊರೆಯುವುದು ಒಂದು ಜಾತಿಯ ಹಿತ್ತಾಳೆಯೇ ಹೊರತು ಬಿದರಿಯಲ್ಲ. ಆಯುರ್ವೇದವು ವಾತಪಿತ್ತಕಫಗಳ ಸಾಮ್ಯವೆಂದು ಹೇಳುವಾಗಲೂ ಮೂರನ್ನೂ ಒಂದೇ ಅಳತೆಯಲ್ಲಿಡುವುದು ಅದರ ಅಭಿಪ್ರಾಯವಲ್ಲ; ಆಯಾ ಮನುಷ್ಯನ ಪ್ರಕೃತಿಗೆ ತಕ್ಕ ಅಳತೆಯಲ್ಲಿರುವುದು. ಬಿತ್ತುವ ರೈತನು ಮಣ್ಣಿನ ಹದ ನೋಡುತ್ತಾನೆ. ಕರಿಮಣ್ಣಿನಲ್ಲಿ ತೇವ ಹೆಚ್ಚಾದರೆ ಕೂರಿಗೆ ಕೆಸರಾಗುತ್ತದೆ, ಕಡಿಮೆಯಾದರೆ ಬೀಜ ಹುಟ್ಟುವುದಿಲ್ಲ. ಹದದ ಪ್ರಶ್ನೆ 'ಯಾವ ಕೆಲಸಕ್ಕೆ?' ಎಂಬುದು. ಆ ಕೆಲಸವನ್ನು ಹೇಳದೆ ಹದ ತಪ್ಪಿತೆಂದರೆ ಅರ್ಥವೇ ಇಲ್ಲ.

ನಾಲ್ಕನೆಯದು ಜಮಾಖರ್ಚು, ಎಂದರೆ ಬರುವುದಕ್ಕೂ ಹೋಗುವುದಕ್ಕೂ ಇರುವ ತಾಳೆ. ಬೀದರ ಪಟ್ಟಣವು ಜಂಬಿಟ್ಟಿಗೆ ಕಲ್ಲಿನ ದಿಣ್ಣೆಯ ಮೇಲಿದೆ. ಮಳೆಯ ನೀರು ರಂಧ್ರಮಯವಾದ ಆ ಕಲ್ಲಿನಲ್ಲಿ ಇಳಿದು ಕೆಳಗಿನ ಕರಿಗಲ್ಲಿನ ಮೇಲೆ ತಂಗುತ್ತದೆ. ಬಹಮನಿ ಅರಸರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಪಾರಸಿಕ ದೇಶದ ಪದ್ಧತಿಯಂತೆ ಇಲ್ಲಿ ಸುರಂಗ ಬಾವಿಗಳನ್ನು ತೋಡಿದರು; ಇವಕ್ಕೆ ಕರೇಜ್ ಎಂದು ಹೆಸರು. ನೌಬಾದಿನ ಕರೇಜು ಎರಡು ಕಿಲೋಮೀಟರಿಗೂ ಮಿಕ್ಕ ಉದ್ದವಾಗಿದೆ. ಅದರ ಮೇಲೆ ಗಾಳಿಬೆಳಕಿಗೂ ನೀರು ಸೇದುವುದಕ್ಕೂ ಇಪ್ಪತ್ತರಷ್ಟು ಬಾವಿಗಳಿವೆ. ಸುರಂಗವು ಸ್ವಲ್ಪವೇ ಇಳಿಜಾರಾಗಿರುವುದರಿಂದ ನೀರು ತಾನಾಗಿ ಹರಿಯುತ್ತದೆ, ಎತ್ತಬೇಕಾದುದಿಲ್ಲ.

ಇದರ ಹಿರಿಮೆ ಕೌಶಲದಲ್ಲಿ ಮಾತ್ರವಲ್ಲ, ಸಂಯಮದಲ್ಲಿಯೂ ಇದೆ. ನೆಲದೊಳಗಿನ ನೀರಿನ ಮಟ್ಟ ಸುರಂಗಕ್ಕಿಂತ ಮೇಲಿರುವಷ್ಟನ್ನು ಮಾತ್ರವೇ ಅದು ತೆಗೆದುಕೊಳ್ಳಬಲ್ಲದು. ಮಳೆ ಕಡಿಮೆಯಾದ ವರ್ಷ ಹರಿವೂ ತಾನಾಗಿ ತಗ್ಗುತ್ತದೆ, ಊರಿನವರಿಗೆ ಎಚ್ಚರಿಕೆಯಾಗುತ್ತದೆ. ಬಡ್ಡಿಯಲ್ಲಿ ಬದುಕಿ ಅಸಲನ್ನು ಮುಟ್ಟದ ಸಂಸಾರದಂತೆ ಅದು. ಕೊಳವೆ ಬಾವಿ ಹಾಗಲ್ಲ. ಮಳೆ ಬರಲಿ ಬಾರದಿರಲಿ, ವಿದ್ಯುತ್ತಿನ ಬಲದಿಂದ ಅದು ಒಂದೇ ಸಮನಾಗಿ ಎತ್ತುತ್ತದೆ. ಅಸಲು ಕರಗುವುದು ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ ಬರಿಯ ಗಾಳಿ ಬರುತ್ತದೆ. ಆಗ ನಾವು ಮಾಡುವುದೇನು? ನೀರು ಸಾಲದೆಂದು ಇನ್ನೂ ನೂರಡಿ ಆಳಕ್ಕೆ ಕೊರೆಯಿಸುತ್ತೇವೆ. ಇದು ಜಮಾಖರ್ಚಿನ ರೋಗಕ್ಕೆ ತಕ್ಕಡಿಯ ಔಷಧ. ತಟ್ಟೆ ಹಗುರವಾಯಿತೆಂದು ಇನ್ನಷ್ಟು ಹಾಕಲು ಹೊರಟು, ಇರುವ ಗಂಟನ್ನೇ ಒಡೆಯುತ್ತೇವೆ. ಕೇಳಬೇಕಾದ ಪ್ರಶ್ನೆ 'ಎಷ್ಟಿದೆ?' ಎಂಬುದಲ್ಲ, 'ವರ್ಷಕ್ಕೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ?' ಎಂಬುದು.

ಕಡೆಯದಾಗಿ ಮನಸ್ಸಿನ ಸ್ತಿಮಿತ. ಇಲ್ಲಿ ಸಮತೋಲವೆಂಬ ಶಬ್ದವನ್ನು ಅತ್ಯಂತ ಎಚ್ಚರಿಕೆಯಿಂದ ಆಡಬೇಕು. ಮನಸ್ಸನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿಯೂ ಇಲ್ಲ. ಆದರೂ ನಮಗಿಂತ ಬೇರೆಯಾಗಿ ನಡೆದವರನ್ನೆಲ್ಲ ಸಮತೋಲ ತಪ್ಪಿದವರೆಂದು ಕರೆಯುವುದು ನಮಗೆ ಸುಲಭ. ನಮ್ಮ ದೇಶದ ೧೯೧೨ರ ಕಾಯಿದೆಯ ಹೆಸರೇ ಹುಚ್ಚರ ಕಾಯಿದೆ ಎಂದಿತ್ತು; ೧೯೮೭ರಲ್ಲಿ ಅದನ್ನು ತೆಗೆದು ಮಾನಸಿಕ ಆರೋಗ್ಯವೆಂಬ ಹೆಸರನ್ನಿಟ್ಟರು; ೨೦೧೭ರ ಕಾಯಿದೆಯು ರೋಗಿಯು ತನಗೆ ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂಬುದನ್ನು ಮೊದಲೇ ಬರೆದಿಡುವ ಹಕ್ಕನ್ನೂ ಒಪ್ಪಿಕೊಂಡಿತು. ನಮ್ಮ ಹಿರಿಯರ 'ಸ್ತಿಮಿತ'ವೆಂಬ ಶಬ್ದದಲ್ಲಿ ತೂಕದ ಸೋಂಕಿಲ್ಲ. ಕದಡಿದ ನೀರು ಮತ್ತೆ ತಿಳಿಯಾಗುವುದೆಂಬ ಭರವಸೆಯಿದೆ. ಕದಡಿದ ನೀರಿಗೆ ಬೇಕಾದುದು ತೀರ್ಪಲ್ಲ. ಸಾವಧಾನ, ಮತ್ತು ಬಲ್ಲವರ ಸಹಾಯ.

ಆದಕಾರಣ, ಮಹಾಶಯರೆ, ಇನ್ನು ಮುಂದೆ ಯಾರಾದರೂ ಸಮತೋಲ ತಪ್ಪಿದೆಯೆಂದರೆ ಕೂಡಲೇ ತಲೆದೂಗಬೇಡಿರಿ. ತಪ್ಪಿದ್ದು ಯಾವುದೆಂದು ಕೇಳಿರಿ. ಆಯವಾದರೆ ನೆಲೆಯನ್ನೂ ಸಾಕ್ಷಿಗಳನ್ನೂ ನೋಡತಕ್ಕದ್ದು. ತೂಕವಾದರೆ ತಟ್ಟೆಗಿಂತ ಮೊದಲು ತೋಳನ್ನು ಅಳೆಯತಕ್ಕದ್ದು. ಹದವಾದರೆ ಉದ್ದೇಶವನ್ನು ಕೇಳತಕ್ಕದ್ದು. ಜಮಾಖರ್ಚಾದರೆ ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ಬರೆದಿಡತಕ್ಕದ್ದು. ಸ್ತಿಮಿತವಾದರೆ ನಮ್ಮ ನಾಲಗೆಯನ್ನು ಮೊದಲು ಹಿಡಿಯತಕ್ಕದ್ದು. ಇಷ್ಟನ್ನು ವಿಚಾರಿಸುವುದಕ್ಕೆ ಒಂದು ಗಳಿಗೆ ಸಾಕು. ಆ ಒಂದು ಗಳಿಗೆಯನ್ನು ನಾನು ವ್ಯಯಮಾಡದೆ ಹೋದುದರಿಂದಲೇ ನಮ್ಮ ತಾಯಿಯವರು ಮೂರು ತಿಂಗಳು ಎಡಗೈಯಲ್ಲಿ ಊಟ ಮಾಡಬೇಕಾಯಿತು. ಊರುಗೋಲು ಈಗಲೂ ಮನ್ನಳ್ಳಿಯ ಮನೆಯ ಬಾಗಿಲ ಸಂದಿಯಲ್ಲಿದೆ. ಅವರು ಅದನ್ನು ಕೋಳಿಯನ್ನು ಓಡಿಸುವುದಕ್ಕೆ ಬಳಸುತ್ತಾರೆ.